ಗಟ್ಟಿ ವಾಚು ಕಟ್ಟಿದರೆ ಓಟ ಗಟ್ಟಿಯಾಗುತ್ತದೆಯೇ?

ದೂರ ಓಡುವವರಿಗೆ, ಬೆಟ್ಟ ಹತ್ತುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೊಣಕಾಲು, ಉಸಿರು, ನಿದ್ದೆ ಇವುಗಳ ಬಗ್ಗೆ ಕೇಳಿ ಅಂದರೆ ಎಲ್ಲರೂ ಮಣಿಕಟ್ಟನ್ನೇ ಮುಂದೆ ಚಾಚುತ್ತಾರೆ. ಈ ಸಲ ಬಂದ ಪತ್ರಗಳಲ್ಲೂ ಮುಕ್ಕಾಲು ಪಾಲು ವಾಚಿನದ್ದೇ. ಒಬ್ಬೊಬ್ಬರಿಗೂ ಅದೇ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಇವತ್ತು ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ಬರೆಯುತ್ತೇನೆ. ವಾಚನ್ನು ಫೋನಿಗೆ ಜೋಡಿಸುವುದು ಹೇಗೆ ಅನ್ನುವಂಥದ್ದನ್ನು ದಯವಿಟ್ಟು ನನಗೆ ಕಳಿಸಬೇಡಿ.

ಪ್ರಶ್ನೆ: ಮೂರು ವರ್ಷದಿಂದ ಆಪಲ್ ವಾಚ್ ಕಟ್ಟುತ್ತಿದ್ದೇನೆ. ಈಗ 21 ಕಿಲೋಮೀಟರ್ ಓಟಕ್ಕೆ ತಯಾರಿ ಶುರು ಮಾಡಿದ್ದೇನೆ. ಜೊತೆಗೆ ಓಡುವವರೆಲ್ಲ ಓಟ, ಚಾರಣಕ್ಕಂತಲೇ ಮಾಡಿದ ಗಟ್ಟಿ ವಾಚು ಗಾರ್ಮಿನ್ ಫೀನಿಕ್ಸ್ ತಗೋ, ಅದರ ಲೆಕ್ಕ ಕರಾರುವಾಕ್ಕು ಅನ್ನುತ್ತಾರೆ. ಬದಲಾಯಿಸಲೇ ಸರ್?

ಬೇಡ. 21 ಕಿಲೋಮೀಟರಿಗೆ ನಿಮ್ಮ ಕೈಯಲ್ಲಿರುವುದೇ ಸಾಕು.

ಆ ‘ಕರಾರುವಾಕ್ಕು’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ನಂಬಿಯೇ ಜನ ದುಡ್ಡು ಸುರಿಯುತ್ತಾರೆ. ಹೃದಯ ಬಡಿತ ಅಳೆಯಲು ಎರಡೂ ವಾಚಿಗೆ ಇರುವುದು ಒಂದೇ ಉಪಾಯ. ಹಿಂಬದಿಯ ಹಸಿರು ದೀಪ ಚರ್ಮದ ಮೇಲೆ ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಅಲ್ಲಿ ರಕ್ತ ಹೆಚ್ಚು ಕಡಿಮೆಯಾದಂತೆ ವಾಪಸ್ ಬರುವ ಬೆಳಕೂ ಹೆಚ್ಚು ಕಡಿಮೆಯಾಗುತ್ತದೆ. ವಾಚು ಎಣಿಸುವುದು ಅದನ್ನೇ. ಸುತ್ತಲಿನ ಚೌಕಟ್ಟು ಟೈಟಾನಿಯಂ ಆದ ಮಾತ್ರಕ್ಕೆ ಈ ಎಣಿಕೆ ಸುಧಾರಿಸುವುದಿಲ್ಲ. ಸ್ಟ್ರ್ಯಾಪ್ ಸಡಿಲವಾಗಿದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ, ಮಣಿಕಟ್ಟಿನ ಮೇಲೆ ಹಚ್ಚೆ ಇದ್ದರೆ, ಮುಷ್ಟಿ ಬಿಗಿದು ತೂಕ ಎತ್ತುತ್ತಿದ್ದರೆ ಎರಡೂ ತಪ್ಪುತ್ತವೆ. ಕೆಲವೊಮ್ಮೆ ವಾಚು ಬಡಿತ ಬಿಟ್ಟು ಹೆಜ್ಜೆಯ ತಾಳವನ್ನೇ ಹಿಡಿದುಬಿಡುತ್ತದೆ. ನಿಮಿಷಕ್ಕೆ 170 ಹೆಜ್ಜೆ ಹಾಕುವವರಿಗೆ ಹೃದಯವೂ 170 ಅಂತ ತೋರಿಸುತ್ತದೆ. ಆರಾಮಾಗಿ ಮಾತಾಡುತ್ತಾ ಓಡುತ್ತಿದ್ದವರು ಅದನ್ನು ನೋಡಿ ಗಾಬರಿಯಿಂದ ನಿಂತುಬಿಟ್ಟಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಬಡಿತ ಸರಿಯಾಗಿ ಗೊತ್ತಾಗಲೇಬೇಕು ಅಂದರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ. ಅದು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಬ್ಲೂಟೂತ್ ಇರುವ ಪಟ್ಟಿ ಈಗಿರುವ ವಾಚಿಗೇ ಹೊಂದುತ್ತದೆ.

ಜಿಪಿಎಸ್‌ನಲ್ಲಿ ಮಾತ್ರ ಒಂದು ನಿಜವಾದ ವ್ಯತ್ಯಾಸ ಇದೆ. ಫೀನಿಕ್ಸ್‌ನ ಈಚಿನ ಮಾದರಿಗಳು, ಆಪಲ್‌ನದ್ದೇ ಅಲ್ಟ್ರಾ ಕೂಡ, ಉಪಗ್ರಹದ ಎರಡು ಸಿಗ್ನಲ್ ಹಿಡಿಯುತ್ತವೆ: ಎಲ್1 ಮತ್ತು ಎಲ್5. ಎತ್ತರದ ಕಟ್ಟಡಗಳ ನಡುವೆ, ಕಡಿದಾದ ಕಣಿವೆಯಲ್ಲಿ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಅಂಥ ಕಡೆ ಎರಡು ಸಿಗ್ನಲ್ ಇದ್ದರೆ ದಾರಿ ಅಷ್ಟು ವಾಲುವುದಿಲ್ಲ. ತೆರೆದ ರಸ್ತೆಯಲ್ಲಿ ಓಡುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಓಟ ಮುಗಿಸಿ ‘ನನ್ನ ವಾಚಲ್ಲಿ 21.3 ಬಂದಿದೆ, ದಾರಿ ಅಳೆದಿದ್ದೇ ತಪ್ಪು’ ಅಂತ ಜಗಳಕ್ಕೆ ಹೋಗುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅಧಿಕೃತ ಓಟದ ದಾರಿಯನ್ನು ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಇರುವುದರಲ್ಲಿ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ಕಡಿಮೆ ಬೀಳದಿರಲಿ ಅಂತ ಸಾವಿರಕ್ಕೆ ಒಂದರಷ್ಟು ಉದ್ದವನ್ನೂ ಸೇರಿಸುತ್ತಾರೆ. 21.0975 ಕಿಲೋಮೀಟರಿಗೆ ಅದೇ 21 ಮೀಟರ್ ಆಯಿತು. ನೀವು ಜನರನ್ನು ದಾಟುತ್ತಾ, ನೀರಿನ ಮೇಜಿನ ಕಡೆ ಸರಿಯುತ್ತಾ ಓಡಿದ ದೂರ ಅದರ ಮೇಲೆ. ವಾಚಿನದ್ದೂ ತಪ್ಪಲ್ಲ, ಅಳೆದವರದ್ದೂ ತಪ್ಪಲ್ಲ.

ಹಾಗಾದರೆ ಅಷ್ಟು ದುಡ್ಡು ಕೊಡುವುದು ಯಾವುದಕ್ಕೆ? ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಅನ್ನುವುದಕ್ಕೆ. ನಿಮ್ಮದರಂಥ ಕೆಲವು ವರ್ಷ ಹಳೆಯ ಮಾಮೂಲಿ ಆಪಲ್ ವಾಚಿಗೆ ಕಂಪನಿಯೇ ಹೇಳಿದ್ದು 18 ಗಂಟೆ. ಜಿಪಿಎಸ್ ಹಾಕಿ ಹೊರಗೆ ಓಡಿದರೆ ಸುಮಾರು 7 ಗಂಟೆ. ಫೀನಿಕ್ಸ್ 7 ಮಾದರಿಗೆ ಹೇಳುವುದು 18 ದಿನ, ಬರೀ ಜಿಪಿಎಸ್‌ನಲ್ಲಿ 57 ಗಂಟೆ. ಇವೆಲ್ಲ ಹೊಸ ಬ್ಯಾಟರಿಯ, ಅನುಕೂಲದ ಹವೆಯ ಲೆಕ್ಕ. ಅರ್ಧಕ್ಕೆ ಇಳಿಸಿದರೂ ಅಂತರ ಎಷ್ಟಿದೆ ನೋಡಿ. ನಿಮ್ಮ ಓಟ ಎರಡರಿಂದ ಮೂರು ಗಂಟೆಯದು. ಅದಕ್ಕೆ 57 ಗಂಟೆಯ ಬ್ಯಾಟರಿ ಹೊತ್ತುಕೊಂಡು ಏನು ಮಾಡುತ್ತೀರಿ?

ಬೆಟ್ಟಕ್ಕೆ ಹೋಗುವವರ ಮಾತೇ ಬೇರೆ. ಒಮ್ಮೆ ನಾನು ಚಾರಣದಿಂದ ಇಳಿಯುತ್ತಿದ್ದೆ. ಕೈಯಲ್ಲಿದ್ದದ್ದು ದಿನನಿತ್ಯದ ಟಚ್ ವಾಚು. ಸಂಜೆಗೆ ಮಂಜು ಕವಿಯಿತು, ಮಳೆಯೂ ಶುರುವಾಯಿತು. ಪರದೆ ಮೇಲೆ ಬಿದ್ದ ಹನಿಗಳನ್ನೇ ಬೆರಳು ಅಂತ ತಿಳಿದು ವಾಚು ತಾನಾಗಿ ದಾರಿಯ ದಾಖಲೆ ನಿಲ್ಲಿಸಿಬಿಟ್ಟಿತ್ತು. ನಾನು ನೋಡುವ ಹೊತ್ತಿಗೆ ಬ್ಯಾಟರಿ ನೂರಕ್ಕೆ ಒಂಬತ್ತು. ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ಫೋನು ಅದಕ್ಕೂ ಮೊದಲೇ ಸತ್ತಿತ್ತು. ಒಂದು ಬಂಡೆಯ ಕೆಳಗೆ ಕೂತು, ಹಿಂದೆ ಬರುತ್ತಿದ್ದ ಇಬ್ಬರು ಟಾರ್ಚ್ ಹಿಡಿದು ಬರುವ ತನಕ ಕಾದೆ. ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದ್ದೆ. ದಾರಿ ತಪ್ಪಿದರೆ ಎಷ್ಟು ಹೊತ್ತು ಅಂತ ಹಾಕಿರಲಿಲ್ಲ. ಅವತ್ತಿನಿಂದ ನನ್ನ ಶಿಷ್ಯರಿಗೆ ಒಂದೇ ಅಳತೆ ಹೇಳುತ್ತೇನೆ: ಹೊರಗಿರುವ ಅತಿ ಉದ್ದದ ದಿನವನ್ನು ಎರಡರಿಂದ ಗುಣಿಸಿ. ಅಷ್ಟು ಹೊತ್ತು ಜಿಪಿಎಸ್ ನಡೆಯದ ವಾಚನ್ನು ನಂಬಿ ಬೆಟ್ಟ ಹತ್ತಬೇಡಿ. ಗಟ್ಟಿ ವಾಚು ಇದ್ದರೂ ಕಾಗದದ ನಕ್ಷೆ ಜೇಬಿನಲ್ಲಿರಲಿ. ಇದು ಅತಿಯಾದ ಎಚ್ಚರಿಕೆ ಅಂತ ಹೇಳುವವರಿದ್ದಾರೆ. ಹೇಳಲಿ.

ಬಟನ್ ಕೂಡ ಸಣ್ಣ ವಿಷಯ ಅಲ್ಲ. ಫೀನಿಕ್ಸ್‌ಗೆ ಐದು ಬಟನ್ ಇವೆ. ಬೆವರಿದ ಕೈಯಲ್ಲಿ, ಗ್ಲೌಸ್ ಹಾಕಿದ ಕೈಯಲ್ಲಿ, ನೋಡದೆಯೇ ಒತ್ತಬಹುದು. ಅದರ ಹಳೆಯ ಬಗೆಯ ಪರದೆ ಬಿಸಿಲನ್ನೇ ಪ್ರತಿಫಲಿಸಿ ಕಾಣುತ್ತದೆ. ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಅಂಗಡಿಯ ದೀಪದಲ್ಲಿ ಮಂಕಾಗಿ ಕಂಡಿತು ಅಂತ ಅದನ್ನು ಬೇಡ ಅನ್ನುತ್ತಾರೆ. ಹೊರಗೆ ತಂದು ನೋಡಬೇಕು, ಅಲ್ವಾ? 2024ರ ಫೀನಿಕ್ಸ್ 8ರಲ್ಲಿ ಹೊಳೆಯುವ ಅಮೋಲೆಡ್ ಪರದೆಯೂ ಬಂದಿದೆ. ಆಪಲ್‌ನಂಥ ಚೆಂದದ ವಾಚು ಮತ್ತು ಗಟ್ಟಿ ವಾಚಿನ ನಡುವಿನ ಗೆರೆ ಈಗ ಮೊದಲಿನಷ್ಟು ದಪ್ಪ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ‘ಮೂರು ವರ್ಷದಿಂದ’. ಆಪಲ್ ತನ್ನ ವಾಚಿನ ಬ್ಯಾಟರಿ 1000 ಪೂರ್ತಿ ಚಾರ್ಜ್ ಆದ ಮೇಲೆ ನೂರಕ್ಕೆ 80ರಷ್ಟು ಉಳಿಯುವಂತೆ ಮಾಡಿದ್ದೇವೆ ಅನ್ನುತ್ತದೆ. ದಿನಕ್ಕೊಂದು ಚಾರ್ಜ್ ಅಂದರೆ ಮೂರು ವರ್ಷದ ಒಳಗೇ ಆ ಸಾವಿರ ಮುಗಿಯುತ್ತದೆ. ವಾರಕ್ಕೊಂದು ಚಾರ್ಜ್ ಬೇಡುವ ವಾಚು ಅದೇ ಮೂರು ವರ್ಷದಲ್ಲಿ ನೂರೈವತ್ತು ಸುತ್ತನ್ನೂ ಹೆಚ್ಚಾಗಿ ದಾಟಿರುವುದಿಲ್ಲ. ಗಟ್ಟಿ ವಾಚು ಜಾಸ್ತಿ ವರ್ಷ ಬಾಳುವುದಕ್ಕೆ ಗಾಜಿಗಿಂತ ಇದು ದೊಡ್ಡ ಕಾರಣ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಾಯಿಸಿ. ಹೊಸ ವಾಚು ಬೇಡ.

ಇನ್ನೊಂದು ಮಾತು. ಫೀನಿಕ್ಸ್ 7 ಸ್ಟ್ರ್ಯಾಪ್ ಸೇರಿ 79 ಗ್ರಾಂ. ಆಪಲ್‌ನ ಚಿಕ್ಕ ಅಲ್ಯೂಮಿನಿಯಂ ಮಾದರಿ ಸ್ಟ್ರ್ಯಾಪ್ ಬಿಟ್ಟರೆ 32 ಗ್ರಾಂ ಆಸುಪಾಸು. ಗಟ್ಟಿ ವಾಚು ತಗೊಂಡ ನನ್ನ ಶಿಷ್ಯರಲ್ಲಿ ಹಲವರು ರಾತ್ರಿ ಅದನ್ನು ಬಿಚ್ಚಿಟ್ಟು ಮಲಗುತ್ತಾರೆ. ಬೆಳಿಗ್ಗೆ ಎದ್ದು ‘ನಿದ್ದೆಯ ಲೆಕ್ಕ ಬಂದಿಲ್ಲ’ ಅಂತ ಕೊರಗುತ್ತಾರೆ. ಮಲಗಿದಾಗ ಕೈಮೇಲೆ ಇರಲಾಗದ ವಾಚಿನಿಂದ ನಿದ್ದೆಯ ಬಗ್ಗೆ ಏನೂ ಸಿಗುವುದಿಲ್ಲ. ಮೊದಲು ಓಟ ಮುಗಿಸಿ. ಮುಂದೆ ಹನ್ನೆರಡು ಗಂಟೆಯ ಚಾರಣ, 100 ಕಿಲೋಮೀಟರ್ ಓಟ ಅಂತ ಮನಸ್ಸಾದರೆ ಆಗ ಬರೆಯಿರಿ. ನಾನೇ ತಗೊಳ್ಳಿ ಅನ್ನುತ್ತೇನೆ.

ಪ್ರಶ್ನೆ: ಚುಚ್ಚದೇ ಸಕ್ಕರೆ ಅಂಶ ತೋರಿಸುವ ಸ್ಮಾರ್ಟ್‌ವಾಚ್ ಸಿಕ್ಕಿದೆ. ನನಗೆ ಶುಗರ್ ಇದೆ. ಅದನ್ನು ನೋಡಿ ಇನ್ಸುಲಿನ್ ತಗೊಳ್ಳಬಹುದೇ?

ಖಂಡಿತ ಬೇಡ. ಇವತ್ತೇ ಅದನ್ನು ಬಿಚ್ಚಿಡಿ. ಚರ್ಮಕ್ಕೆ ಚುಚ್ಚದೇ, ತಾನೇ ರಕ್ತದ ಸಕ್ಕರೆ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ಅನುಮತಿ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಚರ್ಮದಡಿ ಸಣ್ಣ ಎಳೆ ತೂರಿಸಿದ ಸೆನ್ಸರ್‌ನ ಅಂಕಿಯನ್ನು ವಾಚಿನಲ್ಲಿ ನೋಡುವುದು ಬೇರೆ. ಅಲ್ಲಿ ಅಳೆಯುವುದು ಸೆನ್ಸರ್, ವಾಚು ಬರೀ ತೋರಿಸುತ್ತದೆ. ಬರೀ ಬೆಳಕಿನಿಂದ ಶುಗರ್ ಅಳೆಯುತ್ತೇವೆ ಅಂತ ಮಾರುವವರು ಮೋಸಗಾರರು. ಸುಳ್ಳು ಅಂಕಿ ನಂಬಿ ಇನ್ಸುಲಿನ್ ಜಾಸ್ತಿ ತಗೊಂಡರೆ ಸಕ್ಕರೆ ಕುಸಿದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಬರಬಹುದು.

ಪ್ರಶ್ನೆ: ಎದೆ ನೋವು ಬಂದಾಗ ವಾಚಿನ ಇಸಿಜಿ ‘ಸರಿ ಇದೆ’ ಅಂತ ತೋರಿಸಿತು. ಆಸ್ಪತ್ರೆಗೆ ಹೋಗಬೇಕಿತ್ತೇ?

ಹೋಗಬೇಕಿತ್ತು. ಇನ್ನೂ ತೋರಿಸಿಲ್ಲದಿದ್ದರೆ ಈಗಲೇ ಹೊರಡಿ. ವಾಚು ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ. ಆಸ್ಪತ್ರೆಯ ಇಸಿಜಿ ಹನ್ನೆರಡು ಕೋನದಿಂದ ನೋಡುತ್ತದೆ. ವಾಚು ಬಡಿತದ ಲಯ ತಪ್ಪಿದ್ದನ್ನು ಹಿಡಿಯಬಹುದು, ಹೃದಯಾಘಾತವನ್ನು ಹಿಡಿಯುವುದಿಲ್ಲ. ಆಪಲ್ ತಾನೇ ಈ ಮಾತನ್ನು ಬರೆದಿದೆ. ಓದುವವರು ಇಲ್ಲ.

ಪ್ರಶ್ನೆ: ವಾಚು 600 ಕ್ಯಾಲರಿ ಕರಗಿತು ಅಂದರೆ ಅಷ್ಟು ತಿನ್ನಬಹುದೇ?

ಇಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಬಡಿತದಲ್ಲಿ ಆರು ಚೆನ್ನಾಗೇ ಇದ್ದವು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ನೂರಕ್ಕೆ 27 ತಪ್ಪಿತ್ತು, ಕೆಟ್ಟದ್ದು 93.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಆಗಲೇಬೇಕೇ?

ಅದು 1960ರ ದಶಕದ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಹುಟ್ಟಿದ ಸಂಖ್ಯೆ, ವೈದ್ಯರು ಬರೆದುಕೊಟ್ಟದ್ದಲ್ಲ.

ಪ್ರಶ್ನೆ: 50 ಮೀಟರ್ ನೀರು ತಡೆಯುತ್ತದೆ ಅಂತ ಬರೆದಿದೆ. ಬಿಸಿನೀರಿನ ಸ್ನಾನಕ್ಕೂ ಕಟ್ಟಿಕೊಳ್ಳಬಹುದೇ?

ಬಿಚ್ಚಿಡಿ. ಆ 50 ಮೀಟರ್ ತಣ್ಣನೆ ನಿಂತ ನೀರಿನ ಒತ್ತಡದ ಲೆಕ್ಕ. ಸೋಪು, ಶಾಂಪೂ, ಬಿಸಿ ಆವಿ ಒಳಗಿನ ರಬ್ಬರಿನ ಬಿಗಿಯನ್ನು ನಿಧಾನವಾಗಿ ಕೆಡಿಸುತ್ತವೆ.

ಪ್ರಶ್ನೆ: ‘ಮಿಲಿಟರಿ ಗುಣಮಟ್ಟ’ ಅಂತ ಡಬ್ಬದ ಮೇಲಿದ್ದರೆ ಸೈನ್ಯದವರು ಪರೀಕ್ಷಿಸಿದ್ದಾರೆ ಅಂತಲೇ?

ಅಲ್ಲ. ಆ ಮಾತಿನ ಹಿಂದಿರುವ ಅಮೆರಿಕ ಸೈನ್ಯದ ಎಂಐಎಲ್-ಎಸ್‌ಟಿಡಿ-810 ಅನ್ನುವುದು ಪರೀಕ್ಷೆ ಮಾಡುವ ವಿಧಾನಗಳ ಒಂದು ಪುಸ್ತಕ. ಅದರಲ್ಲಿ ಯಾವ ಪರೀಕ್ಷೆ ಮಾಡಬೇಕು ಅಂತ ಆರಿಸಿಕೊಳ್ಳುವುದು ವಾಚು ಮಾಡುವವರೇ.

ಪ್ರಶ್ನೆ: ಅಮ್ಮ ಒಬ್ಬರೇ ಇರುತ್ತಾರೆ, ವಯಸ್ಸು 71. ಬಿದ್ದರೆ ಗೊತ್ತಾಗಲಿ ಅಂತ ವಾಚು ಕೊಡಿಸಬೇಕು. ಗಟ್ಟಿಯದ್ದೇ ಕೊಡಿಸಲೇ?

ಇಲ್ಲಿ ನಾನು ಚೆಂದದ ವಾಚಿನ ಕಡೆ. ಹಗುರ, ಅಕ್ಷರ ದೊಡ್ಡದು, ಮಣಿಕಟ್ಟಿಗೆ ಚುಚ್ಚುವುದಿಲ್ಲ. ಆಪಲ್ ವಾಚಿನಲ್ಲಿ ಬಿದ್ದದ್ದನ್ನು ಗುರುತಿಸುವ ಸೌಲಭ್ಯ 2018ರಿಂದ ಇದೆ. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದೇ ತುರ್ತು ಕರೆ ಮಾಡುತ್ತದೆ. ಆದರೆ ಅದಕ್ಕೆ ಐಫೋನ್ ಬೇಕು. ಫೋನು ಹತ್ತಿರ ಇಲ್ಲದಿದ್ದರೂ ಕರೆ ಹೋಗಬೇಕು ಅಂದರೆ ಸಿಮ್ ಸೌಲಭ್ಯ ಇರುವ ಮಾದರಿಯೇ ತಗೊಳ್ಳಿ. ಅಮ್ಮನ ಹುಟ್ಟಿದ ದಿನವನ್ನು ಸರಿಯಾಗಿ ತುಂಬಿ. 55 ದಾಟಿದವರಿಗೆ ಈ ಸೌಲಭ್ಯ ತಾನಾಗಿ ಶುರುವಾಗುತ್ತದೆ. ಆದರೂ ಒಮ್ಮೆ ನೀವೇ ನೋಡಿ. ಎಲ್ಲಾ ಬೀಳುವಿಕೆಯನ್ನೂ ಅದು ಹಿಡಿಯುವುದಿಲ್ಲ, ಹಾಗಾಗಿ ದಿನದ ಫೋನ್ ಕರೆ ನಿಲ್ಲಿಸಬೇಡಿ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಆ ವಾಚು ಕೈಯಲ್ಲೇ ಇರಬೇಕು. ಚಾರ್ಜಿಗೆ ಹಾಕುವುದನ್ನು ಹಗಲು, ಅವರು ನಿಮ್ಮ ಜೊತೆ ಫೋನಿನಲ್ಲಿ ಮಾತಾಡುವ ಹೊತ್ತಿಗೆ ಇಟ್ಟುಕೊಳ್ಳಿ.