ಕರುಳಿನ ಟಿಬಿಯೋ ಕ್ರೋನ್ಸೋ ಖಚಿತವಾಗದೆ ಟಿಬಿ ಮಾತ್ರೆ ಶುರು ಮಾಡುವುದು ಸರಿಯಾ?

ನಿಮ್ಮ ತಮ್ಮನಿಗೆ 24 ವರ್ಷ. ತಿಂಗಳುಗಟ್ಟಲೆ ಹೊಟ್ಟೆನೋವು, ಆಗಾಗ ಜ್ವರ, ತೂಕ ಇಳಿದಿದೆ. ಕೊಲೊನೋಸ್ಕೋಪಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕಡೆ ಹುಣ್ಣು ಕಂಡಿದೆ. ಬಯಾಪ್ಸಿಯಲ್ಲಿ ಗ್ರಾನ್ಯುಲೋಮಾ (ಉರಿಯೂತದ ಕೋಶಗಳ ಸಣ್ಣ ಗಂಟು) ಅಂತ ಬಂದಿದೆ, ಆದರೆ ಟಿಬಿ ಕ್ರಿಮಿ ಸಿಕ್ಕಿಲ್ಲ. ಒಬ್ಬ ಡಾಕ್ಟರು ಟಿಬಿ ಅಂದರು, ಇನ್ನೊಬ್ಬರು ಕ್ರೋನ್ಸ್ (ಸೋಂಕಲ್ಲದ, ದೀರ್ಘಕಾಲ ಕಾಡುವ ಕರುಳಿನ ಉರಿಯೂತ) ಅಂದರು. ಕೊನೆಗೆ ‘ಟಿಬಿ ಮಾತ್ರೆ ಕೊಟ್ಟು ನೋಡೋಣ’ ಎಂದಿದ್ದಾರೆ. ನನ್ನ ತಮ್ಮನ ಮೇಲೆ ಪ್ರಯೋಗ ಮಾಡ್ತಿದ್ದಾರಾ ಅಂತ ನೀವು ಕೇಳಿದ್ದೀರಿ.

ನಾನು ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ ಮತ್ತು ಕರುಳಿನ ಡಾಕ್ಟರು. ಈ ಪ್ರಶ್ನೆ ನನ್ನ ಒಪಿಡಿಯಲ್ಲೂ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಇಬ್ಬರು ಡಾಕ್ಟರಲ್ಲಿ ಯಾರೂ ದಡ್ಡರಲ್ಲ. ಈ ಎರಡು ಕಾಯಿಲೆಗಳು ನಿಜಕ್ಕೂ ಅಷ್ಟು ಹತ್ತಿರ ಇವೆ. 1913ರಲ್ಲಿ ಸ್ಕಾಟ್‌ಲೆಂಡಿನ ಸರ್ಜನ್ ಡ್ಯಾಲ್ಜಿಯಲ್ ಇಂಥ ಕರುಳುಗಳನ್ನು ನೋಡಿ, ಟಿಬಿ ಥರವೇ ಇದೆ, ಆದರೆ ಕ್ರಿಮಿ ಸಿಗುತ್ತಿಲ್ಲ ಎಂದು ಬರೆದಿದ್ದರು. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಜೊತೆಗಾರರು ಅದನ್ನು ಬೇರೆಯೇ ಕಾಯಿಲೆ ಎಂದು ವಿವರಿಸಿದರು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಹಾಗಾಗಿ ಇಲ್ಲಿ ಟಿಬಿಯನ್ನು ಪಕ್ಕಕ್ಕಿಟ್ಟು ಯೋಚಿಸೋಕೆ ಆಗುವುದಿಲ್ಲ.

ಸ್ಕೋಪ್ ಹಾಕಿದಾಗ ನಾವು ಏನು ನೋಡುತ್ತೇವೆ ಅಂತ ಹೇಳುತ್ತೇನೆ. ಎರಡು ಕರುಳು ಸೇರುವಲ್ಲಿ ಒಂದು ಕವಾಟ ಇದೆ. ಸಾಮಾನ್ಯವಾಗಿ ಅದು ಅರೆ ಮುಚ್ಚಿದ ತುಟಿಗಳ ಹಾಗೆ ಕಾಣುತ್ತದೆ. ಟಿಬಿಯಲ್ಲಿ ಅದು ಹಲವು ಸಲ ಮುಚ್ಚಿಕೊಳ್ಳುವುದನ್ನೇ ಮರೆತು ಅಗಲವಾಗಿ ತೆರೆದುಕೊಂಡಿರುತ್ತದೆ, ಸುತ್ತ ಹುಣ್ಣುಗಳು ಅಡ್ಡಡ್ಡಕ್ಕೆ ಇರುತ್ತವೆ. ಕ್ರೋನ್ಸ್‌ನಲ್ಲಿ ಹುಣ್ಣುಗಳು ಉದ್ದುದ್ದಕ್ಕೆ ಇರುವುದು ಜಾಸ್ತಿ, ನಡುನಡುವೆ ಚೆನ್ನಾಗಿರುವ ಕರುಳು ಸಿಗುತ್ತದೆ. ಸಿಟಿ ಸ್ಕ್ಯಾನಿನಲ್ಲಿ ನಡು ಕೊಳೆತಂತೆ ಕಾಣುವ ದೊಡ್ಡ ಲಿಂಫ್ ಗಂಟುಗಳು ಇದ್ದರೆ ತಕ್ಕಡಿ ಟಿಬಿ ಕಡೆ ವಾಲುತ್ತದೆ. ಮಲದ್ವಾರದ ಪಕ್ಕ ಫಿಸ್ಟುಲಾ (ಕೀವು ಸೋರುವ ರಂಧ್ರ), ರಕ್ತ ಬೀಳುವ ಭೇದಿ, ಕೀಲುನೋವು ಇದ್ದರೆ ಕ್ರೋನ್ಸ್ ಕಡೆ.

ಆದರೆ ಇವೆಲ್ಲ ‘ಜಾಸ್ತಿ’, ‘ಕಡಿಮೆ’ ಅನ್ನುವ ಮಾತುಗಳು. ಒಬ್ಬನೇ ರೋಗಿಯಲ್ಲಿ ಎರಡೂ ಕಡೆಯ ಗುರುತುಗಳು ಸಿಗುತ್ತವೆ. ಬಯಾಪ್ಸಿ ತುಣುಕಿನಲ್ಲಿ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಪಾಸಿಟಿವ್ ಬಂದರೆ ಹೆಚ್ಚುಕಡಿಮೆ ಟಿಬಿಯೇ. ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅರ್ಥ ಅಲ್ಲ, ಏಕೆಂದರೆ ಕರುಳಿನ ತುಣುಕಿನಲ್ಲಿ ಕ್ರಿಮಿಗಳು ತೀರಾ ಕಡಿಮೆ. ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟಿಗೆ ಆರರಿಂದ ಎಂಟು ವಾರ ಕಾಯಬೇಕಾಗಬಹುದು. ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯನ್ನು ನಂಬಿ ಮದ್ದು ಕೊಡಬೇಡಿ ಅಂತ ನಾನು ಕಿರಿಯ ಡಾಕ್ಟರುಗಳಿಗೆ ಹೇಳುತ್ತಲೇ ಇರುತ್ತೇನೆ. ಕಾಯಿಲೆಯೇ ಇಲ್ಲದ ಎಷ್ಟೋ ಜನರಲ್ಲೂ ನಮ್ಮಲ್ಲಿ ಅದು ಪಾಸಿಟಿವ್ ಬರುತ್ತದೆ.

ಹೀಗಿರುವಾಗ ತೀರ್ಮಾನ ಹೇಗೆ? ಎಲ್ಲಿ ತಪ್ಪಿದರೆ ಏನಾಗುತ್ತದೆ ಅಂತ ತೂಗಿ ನೋಡುತ್ತೇವೆ. ಟಿಬಿ ಇರುವವನಿಗೆ ಕ್ರೋನ್ಸ್ ಅಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು, ಜೀವಕ್ಕೇ ಕುತ್ತು. ಕ್ರೋನ್ಸ್ ಇರುವವನಿಗೆ ಟಿಬಿ ಮಾತ್ರೆ ಕೊಟ್ಟರೆ ಎರಡು ಮೂರು ತಿಂಗಳು ಕೈತಪ್ಪುತ್ತವೆ. ಅದೂ ಸಣ್ಣ ನಷ್ಟ ಅಲ್ಲ, ಆದರೆ ಸಾಮಾನ್ಯವಾಗಿ ಸರಿಮಾಡಿಕೊಳ್ಳಬಹುದು. ತಕ್ಕಡಿ ಸಮ ಇದ್ದಾಗ ಮೊದಲು ಟಿಬಿ ಮಾತ್ರೆ ಕೊಡುವುದು ಇದಕ್ಕೇ. ಕ್ರೋನ್ಸ್‌ನ ಗುರುತುಗಳು ಸ್ಪಷ್ಟವಾಗಿದ್ದರೆ ನಾನಂತೂ ಈ ದಾರಿ ಹಿಡಿಯುವುದಿಲ್ಲ.

ಈಗ ನೀವು ನಿಮ್ಮ ಡಾಕ್ಟರನ್ನು ಕೇಳಲೇಬೇಕಾದ ಮಾತು: ‘ಎರಡನೇ ಕೊಲೊನೋಸ್ಕೋಪಿ ಯಾವಾಗ?’ ಮಾತ್ರೆ ಶುರುವಾದ ಎರಡರಿಂದ ಮೂರು ತಿಂಗಳೊಳಗೆ ಅದು ಆಗಬೇಕು. ಟಿಬಿಯಾಗಿದ್ದರೆ ಅಷ್ಟರಲ್ಲಿ ಹುಣ್ಣುಗಳು ಮಾಯುತ್ತವೆ. ಆಗ ಒಟ್ಟು ಆರು ತಿಂಗಳು ಮಾತ್ರೆ ಮುಗಿಸಿದರೆ ಸಾಮಾನ್ಯವಾಗಿ ಸಾಕು. ಆರು ತಿಂಗಳು ಸುಮ್ನೆ ಮಾತ್ರೆ ನುಂಗಿಸಿ ಆಮೇಲೆ ನೋಡೋಣ ಅನ್ನುವುದು ನನ್ನ ಪ್ರಕಾರ ತಪ್ಪು.

‘ಹುಡುಗ ಚೆನ್ನಾಗಿದ್ದಾನಲ್ಲ, ಮತ್ಯಾಕೆ ಸ್ಕೋಪು’ ಅಂತ ಮನೆಯವರು ಹೇಳುತ್ತಾರೆ. ನನ್ನ ಬಳಿ ಬರುವ ಒಬ್ಬ ಹುಡುಗಿಯ ಮನೆಯಲ್ಲೂ ಹಾಗೇ ಅಂದಿದ್ದರು. ಜ್ವರ ಹೋಗಿತ್ತು, ಊಟ ಸೇರುತ್ತಿತ್ತು, ತೂಕವೂ ಏರಿತ್ತು. ಸ್ಕೋಪಿನಲ್ಲಿ ನೋಡಿದರೆ ಹುಣ್ಣುಗಳು ಇದ್ದ ಹಾಗೇ ಇದ್ದವು. ಅವಳದು ಕ್ರೋನ್ಸ್. ಟಿಬಿ ಮಾತ್ರೆಯಲ್ಲಿ ಕೆಲವು ಕ್ರೋನ್ಸ್ ರೋಗಿಗಳಿಗೂ ಸ್ವಲ್ಪ ಹಿತ ಅನಿಸುತ್ತದೆ. ಅದಕ್ಕೇ ಹುಣ್ಣನ್ನು ಕಣ್ಣಾರೆ ನೋಡಬೇಕು. ಇನ್ನೊಂದು ವಿಷಯ, ಟಿಬಿ ವಾಸಿಯಾದ ಮೇಲೂ ಗಾಯದ ಗುರುತಾಗಿ ಕರುಳು ಕಿರಿದಾಗಿಯೇ ಉಳಿಯಬಹುದು. ಅದೊಂದನ್ನೇ ನೋಡಿ ಮಾತ್ರೆ ಕೆಲಸ ಮಾಡಿಲ್ಲ ಎನ್ನಬಾರದು. ಹುಣ್ಣೇ ಮಾಯದಿದ್ದರೆ ಮತ್ತೆ ಬಯಾಪ್ಸಿ ತೆಗೆದು ಕಲ್ಚರ್‌ಗೆ ಕಳಿಸಬೇಕು, ಮದ್ದಿಗೆ ಬಗ್ಗದ ಟಿಬಿಯೂ ಇರಬಹುದು.

ಲಿವರ್ ಬಗ್ಗೆ ಎಚ್ಚರ ಇರಲಿ. ಟಿಬಿ ಮಾತ್ರೆಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ತೊಂದರೆ ಕೊಡಬಲ್ಲವು. ಶುರು ಮಾಡುವ ಮೊದಲು ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಮಾಡಿಸಿ, ಆಮೇಲೂ ಡಾಕ್ಟರು ಹೇಳಿದಾಗೆಲ್ಲ ಮಾಡಿಸಿ. ಕುಡಿತ ಇದ್ದರೆ ಪೂರ್ತಿ ನಿಲ್ಲಬೇಕು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಡಿ. ಕಣ್ಣಿನ ಬಿಳಿ ಭಾಗ ಹಳದಿಯಾದರೆ, ಊಟ ಸೇರದೆ ವಾಂತಿಯಾಗುತ್ತಿದ್ದರೆ, ಅವತ್ತೇ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಓಡಿ. ಕಾಮಾಲೆಗೆ ಅಂತ ನಾಟಿ ಔಷಧಿ ಕೊಡಿಸಲು ಕರೆದುಕೊಂಡು ಹೋಗಬೇಡಿ, ಕೈಮುಗಿದು ಕೇಳುತ್ತೇನೆ. ಲಿವರ್ ಸುಧಾರಿಸಿದ ಮೇಲೆ ಮಾತ್ರೆಗಳನ್ನು ಒಂದೊಂದಾಗಿ ವಾಪಸ್ ಶುರು ಮಾಡುವ ಕ್ರಮ ಇದೆ.

ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೂ ಸರ್ಕಾರದ ಟಿಬಿ ನೋಂದಣಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ನೋಂದಣಿ ಮಾಡಿಸಿ. ಸರ್ಕಾರದಿಂದ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿಯೂ ಸಿಗುತ್ತದೆ.

ಹೊಟ್ಟೆ ಉಬ್ಬಿ, ವಾಂತಿ ನಿಲ್ಲದೆ, ಗ್ಯಾಸೂ ಮಲವೂ ಹೋಗದೆ ಇದ್ದರೆ ಕರುಳು ಕಟ್ಟಿಕೊಂಡಿದೆ ಅಂತ ತಿಳಿಯಿರಿ. ಆಗ ಅಪಾಯಿಂಟ್‌ಮೆಂಟಿಗೆ ಕಾಯದೆ, ರಾತ್ರಿಯಾದರೂ ಸರಿ, ಸರ್ಜನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡೂ ಸ್ಕೋಪಿನ ಫೋಟೋ, ಬಯಾಪ್ಸಿ ರಿಪೋರ್ಟ್, ಸಿಟಿ ಸಿಡಿ ಒಂದೇ ಫೈಲಿನಲ್ಲಿ ಇಟ್ಟುಕೊಂಡಿರಿ.