ಅಲ್ಯೂಮಿನಿಯಂ ಸೈಕಲ್ ಫ್ರೇಮ್ ಸೀಟಿನ ಹತ್ತಿರ ಬಿರುಕು ಬಿಟ್ಟಿದೆ. ಮಂಗಳೂರಿನಲ್ಲಿ ಒಳ್ಳೆಯ ಆರ್ಗನ್ ವೆಲ್ಡರ್ ಯಾರಿದ್ದಾರೆ?

"ಐನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಫ್ರೇಮ್ ಯಾಕೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ಇದೇ ಮಾತನ್ನು 2017ರಲ್ಲಿ ನಾನು ಮನೆಯಲ್ಲಿ ಹೇಳಿದ್ದೆ. ನನಗೆ ನಾನೂರರಲ್ಲೇ ಮುಗಿದಿತ್ತು. ಹನ್ನೊಂದು ವಾರ ಆದಮೇಲೆ ಎಡಗೈಗೆ ಪ್ಲಾಸ್ಟರ್ ಬಿತ್ತು.

ಆರ್ಗನ್ ವೆಲ್ಡರ್, ಅಂದರೆ ಆರ್ಗನ್ ಅನಿಲ ಬಿಟ್ಟು ಅಲ್ಯೂಮಿನಿಯಂ ಬೆಸೆಯುವವರ ಹೆಸರು ಕೇಳಿದ್ದೀರಿ, ಕೊಡುವುದಿಲ್ಲ. ಒಳ್ಳೆಯ ವೆಲ್ಡರ್ ಇಲ್ಲ ಅಂತಲ್ಲ. ಬೈಕಂಪಾಡಿ, ಯೆಯ್ಯಾಡಿ ಕಡೆ ಹೋದರೆ ಕೈ ಪಳಗಿದವರು ಸಿಗುತ್ತಾರೆ. ನನ್ನ ಫ್ರೇಮ್ ಬೆಸೆದವರೂ ಅಂಥವರೇ. ಅವರು ಹಾಕಿದ ಬೆಸುಗೆ ಇವತ್ತಿಗೂ ಗಟ್ಟಿ ಇದೆ, ಆ ತುಂಡು ನನ್ನ ಮೇಜಿನ ಮೇಲೇ ಇದೆ. ಒಡೆದದ್ದು ಬೆಸುಗೆ ಅಲ್ಲ, ಅದರ ಪಕ್ಕದ ಜಾಗ.

ನನ್ನ ಸೈಕಲ್ಲು ಸೆಕೆಂಡ್ ಹ್ಯಾಂಡ್. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ ಹತ್ತು ಸಾವಿರಕ್ಕೆ ಕೊಟ್ಟ. ಮೀಡಿಯಂ ಸೈಜು. ನಾನು ಆರಡಿ. ಅದು ನನಗೆ ಚಿಕ್ಕದು ಅಂತ ಮೊದಲ ದಿನವೇ ಗೊತ್ತಾಗಿತ್ತು, ಆದರೆ ಹತ್ತು ಸಾವಿರಕ್ಕೆ ಸಿಗುವುದನ್ನು ಬಿಡುವುದು ಹೇಗೆ? ಸೀಟ್ ಎತ್ತರಿಸಿದೆ. ಮೊಣಕಾಲು ಸರಿಯಾಗಿ ಚಾಚುವಷ್ಟು ಎತ್ತರಿಸಿದೆ. ದಿನಾ ಸುರತ್ಕಲ್‌ನಿಂದ ಕೊಟ್ಟಾರ ಚೌಕಿಗೆ ಆಫೀಸು, ಭಾನುವಾರ ಬೆಳಿಗ್ಗೆ ಮಲ್ಪೆಗೆ ಹೋಗಿ ಬನ್ಸ್ ತಿಂದು ವಾಪಸ್. ಎರಡು ಮಳೆಗಾಲ ಹೀಗೇ ಓಡಿತು.

ಆಮೇಲೆ ಒಂದು ದಿನ ಒರೆಸುವಾಗ ಕೂದಲಿನಷ್ಟು ಸಣ್ಣ ಗೆರೆ ಕಂಡಿತು. ಸೀಟಿನ ಕೆಳಗೆ ನಿಂತಿರುವ ಕೊಳವೆಗೆ (ಸೀಟ್ ಟ್ಯೂಬ್) ಮೇಲಿನ ಅಡ್ಡ ಕೊಳವೆ (ಟಾಪ್ ಟ್ಯೂಬ್) ಸೇರುವಲ್ಲಿ, ಕಂಪನಿಯ ಬೆಸುಗೆಯ ಕೆಳಗಂಚಿನಲ್ಲಿ. ನಿಮ್ಮದೂ ಅಲ್ಲೇ ಅಂತ ಬರೆದಿದ್ದೀರಿ. ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ವೆಲ್ಡಿಂಗ್ ಶಾಪಿನವರಿಗೆ ಅರುವತ್ತರ ಹತ್ತಿರ ವಯಸ್ಸು. ಫ್ರೇಮನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಎಂತಕ್ಕೆ ಒಡೆದದ್ದು ಮಾರಾಯ್ರೆ?"

"ಹಳತಾಯ್ತಲ್ಲ ಅಣ್ಣ."

"ಹಳತಾದ್ರೆ ಎಲ್ಲ ಕಡೆ ಹಳತಾಗ್ಬೇಕಲ್ಲ. ಇಲ್ಲಿಯೇ ಎಂತಕ್ಕೆ?"

ನಾನು ಹೆಗಲು ಕುಣಿಸಿದೆ. ಅವರೂ ಮತ್ತೆ ಕೇಳಲಿಲ್ಲ. ಪೇಂಟ್ ಕೆರೆದರು, ಸ್ಟೀಲ್ ಬ್ರಶ್ ಹಾಕಿದರು, ಥಿನ್ನರಿನಲ್ಲಿ ಒರೆಸಿದರು. ಹತ್ತು ನಿಮಿಷದ ಕೆಲಸ. ಬೆಸುಗೆ ಎಷ್ಟು ಚಂದ ಬಂದಿತ್ತೆಂದರೆ, ಮೀನಿನ ಹುರುಪೆ ಒಂದರ ಮೇಲೊಂದು ಕೂತ ಹಾಗೆ. ಅದರ ಮೇಲೆ ನಾನು ಕಪ್ಪು ಸ್ಪ್ರೇ ಪೇಂಟ್ ಹೊಡೆದೆ.

ಈಗ ನನ್ನ ತಪ್ಪು ಯಾವುದು ಅಂತ ಹೇಳುತ್ತೇನೆ. ವೆಲ್ಡ್ ಮಾಡಿಸಿದ್ದು ಅಂತ ನೀವು ಅಂದುಕೊಂಡಿರಬಹುದು. ಅದು ಎರಡನೆಯ ತಪ್ಪು. ಮೊದಲನೆಯದು ಒಂದು ತುಂಡು ಇನ್ಸುಲೇಶನ್ ಟೇಪು.

ಸೀಟ್ ಪೋಸ್ಟ್, ಅಂದರೆ ನಮ್ಮ ಸೈಕಲ್ ಅಂಗಡಿಯವರು ಪಿಲ್ಲರ್ ಅನ್ನುತ್ತಾರಲ್ಲ, ಅದರ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಈ ಗೆರೆ ಹೊರಗೆ ಕಾಣಬಾರದು ಅಂತ. ನನ್ನ ಪೋಸ್ಟಿನಲ್ಲಿ ಅದು ಕೆಳತುದಿಯಿಂದ ಹತ್ತು ಸೆಂಟಿಮೀಟರ್ ಮೇಲಿತ್ತು. ನನಗೆ ಬೇಕಾದ ಎತ್ತರಕ್ಕೆ ಎಳೆದಾಗ ಗೆರೆ ಹೊರಗೆ ಬಂತು, ನಾಲ್ಕು ಸೆಂಟಿಮೀಟರ್ ಮೇಲೆ. ಕಂಡಿತ್ತು. ಓದಿದ್ದೆ. ಬೆಂಕಿಪೆಟ್ಟಿಗೆ ಮೇಲೆ ಮಕ್ಕಳಿಂದ ದೂರವಿಡಿ ಅಂತ ಬರೆದಿರುವ ಥರದ್ದು ಅಂದುಕೊಂಡೆ. ಎತ್ತರ ತಪ್ಪಿಹೋಗಬಾರದು ಅಂತ ಅಲ್ಲಿ ಕಪ್ಪು ಟೇಪು ಸುತ್ತಿದೆ. ಟೇಪಿನ ಅಡಿಯಲ್ಲಿ ಗೆರೆ ಮುಚ್ಚಿಹೋಯಿತು, ಮರೆತೂ ಹೋಯಿತು. ವೆಲ್ಡಿಂಗ್ ಆಗಿ ಬಂದ ಮೇಲೆ ಪೋಸ್ಟ್ ತೂರಿಸಿ, ಟೇಪಿನ ಅಂಚಿಗೆ ಸರಿಯಾಗಿ, ಒಂದು ಮಿಲಿಮೀಟರ್ ಆಚೀಚೆ ಆಗದ ಹಾಗೆ ನಿಲ್ಲಿಸಿ ಬಿಗಿದೆ. ಫ್ರೇಮನ್ನು ಒಡೆದದ್ದು ಯಾವುದೋ, ಅದನ್ನೇ ಅಳತೆ ಮಾಡಿ ವಾಪಸ್ ಕೂರಿಸಿದೆ.

ಲೆಕ್ಕ ನೋಡಿ. ಪೋಸ್ಟಿನ ಒಟ್ಟು ಉದ್ದ 35 ಸೆಂಟಿಮೀಟರ್. ಒಳಗೆ ಇದ್ದದ್ದು 6, ಹೊರಗೆ 29. ಚಪ್ಪರದ ಕಂಬವನ್ನು ಅರ್ಧ ಅಡಿ ಹೊಂಡದಲ್ಲಿ ನಿಲ್ಲಿಸಿದ ಹಾಗೆ. ನನ್ನ ತೂಕ 82 ಕಿಲೋ, ಅದರಲ್ಲಿ ಸೀಟಿನ ಮೇಲೆ 60 ಅಂತ ಇಟ್ಟುಕೊಳ್ಳಿ. ಸೀಟ್ ಟ್ಯೂಬ್ ನೆಟ್ಟಗಿರುವುದಿಲ್ಲ, ನೆಲಕ್ಕೆ ಸುಮಾರು 73 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಆ 60ರಲ್ಲಿ 17 ಕಿಲೋದಷ್ಟು ಪೋಸ್ಟನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಹಾರೆ ಹಾಕಿ ಮುರಕಲ್ಲು ಮೀಟುವುದನ್ನು ನೋಡಿದ್ದೀರಲ್ಲ, ಅದೇ ಇದು. ಮೇಲೆ 29, ಕೆಳಗೆ 6. ಪೋಸ್ಟಿನ ಕೆಳತುದಿ ಟ್ಯೂಬಿನ ಒಳಗೋಡೆಗೆ 80 ಕಿಲೋಗೂ ಜಾಸ್ತಿ ಒತ್ತುತ್ತದೆ. ಇದು ಸುಮ್ನೆ ಕೂತಾಗ. ಗುಂಡಿಗೆ ಇಳಿದರೆ ಎಷ್ಟು ಪಟ್ಟೋ! ಆ ತುದಿ ನಿಂತಿದ್ದ ಜಾಗವೂ ಸರಿಯಾಗಿ ಟಾಪ್ ಟ್ಯೂಬ್ ಸೇರುವಲ್ಲೇ. ಪೋಸ್ಟ್ ಆ ಕೂಡುವ ಜಾಗವನ್ನು ದಾಟಿ ಕೆಳಗೆ ಇಳಿದಿರಬೇಕು, ಅದು ನಿಯಮ. 40 ಸೆಂಟಿಮೀಟರಿನ ಪೋಸ್ಟ್ ಹಾಕಿದ್ದರೆ ಸೀಟು ಅದೇ ಎತ್ತರ, ಒಳಗೆ 11, ಒತ್ತಡ ಹೆಚ್ಚುಕಡಿಮೆ ಅರ್ಧ. ಆಗ ಅದಕ್ಕೆ ಆರು ನೂರು ರೂಪಾಯಿ. ಆರು ನೂರು!

ಆಮೇಲೆ ನಡೆದದ್ದು ಬೇಗ ಹೇಳಿ ಮುಗಿಸುತ್ತೇನೆ. ಎರಡು ವಾರದಿಂದ ಕಿರ್ ಕಿರ್ ಶಬ್ದ ಬರುತ್ತಿತ್ತು. ಸೀಟಿನ ಕಂಬಿ ಅಂದುಕೊಂಡು ಎಣ್ಣೆ ಬಿಟ್ಟೆ. ಒಂದು ಭಾನುವಾರ ಬೆಳಿಗ್ಗೆ ಮೂಲ್ಕಿ ಸೇತುವೆ ದಾಟಿದೆ, ಸಣ್ಣದೊಂದು ಗುಂಡಿ, ಕೂತಿದ್ದ ಕುರ್ಚಿಯನ್ನು ಯಾರೋ ಹಿಂದಿನಿಂದ ಎಳೆದ ಹಾಗೆ ಆಯಿತು. ಎಡಗೈ ಊರಿ ಬಿದ್ದೆ. ಹಿಂದೆ ಬರುತ್ತಿದ್ದ ಮೀನಿನ ಲಾರಿಯವ ಬ್ರೇಕ್ ಹಾಕಿದ, ಇಲ್ಲದಿದ್ದರೆ ಈ ಉತ್ತರ ನೀವು ಓದುತ್ತಿರಲಿಲ್ಲ. ಅವ ಇಳಿದು ಬಂದು ನನ್ನನ್ನು ನೋಡಲಿಲ್ಲ, ಮೊದಲು ಸೈಕಲ್ ನೋಡಿದ. "ಎಂತ ಮಾರಾಯ್ರೆ, ಸೀಟೇ ಇಲ್ಲ!" ಸೀಟು ಪೋಸ್ಟಿನ ಸಮೇತ ಚರಂಡಿಯಲ್ಲಿತ್ತು.

ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ಮನೆಯಲ್ಲಿ ಕೂತು ಫ್ರೇಮ್ ಒಡೆದ ಜಾಗವನ್ನು ನೋಡುವುದೇ ಕೆಲಸವಾಯಿತು. ಅದರಲ್ಲಿ ಮೂರರಲ್ಲಿ ಎರಡು ಭಾಗ ಕಪ್ಪು, ಮಸಿ ಮೆತ್ತಿದ ಹಾಗೆ, ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಉಳಿದದ್ದು ಮಾತ್ರ ಸಕ್ಕರೆ ಕಾಳಿನ ಹಾಗೆ ಬೆಳ್ಳಗೆ, ಹೊಸತು. ಅಂದರೆ ಭಾನುವಾರ ಒಡೆದದ್ದು ಆ ಬಿಳಿ ಭಾಗ ಅಷ್ಟೇ. ಕಪ್ಪು ಭಾಗ ವಾರಗಟ್ಟಲೆ ಹಿಂದೆಯೇ ಒಡೆಯುತ್ತಾ ಬಂದಿತ್ತು, ನಾನು ಹೊಡೆದ ಸ್ಪ್ರೇ ಪೇಂಟಿನ ಅಡಿಯಲ್ಲಿ. ಕಿರ್ ಕಿರ್ ಅಂದದ್ದು ಅದೇ.

ಬೆಸುಗೆಯ ಪಕ್ಕವೇ ಯಾಕೆ ಒಡೆಯಿತು? ಸೈಕಲ್ ಫ್ರೇಮಿನ ಅಲ್ಯೂಮಿನಿಯಂ ಪಾತ್ರೆಯ ಅಲ್ಯೂಮಿನಿಯಂ ಅಲ್ಲ. ಜಾಸ್ತಿ ಬಳಕೆಯಲ್ಲಿರುವುದು 6061 ಅನ್ನುವ ಮಿಶ್ರಲೋಹ, ಅದರಲ್ಲಿ ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್. ಅದರ ಶಕ್ತಿ ಇರುವುದು ಹದದಲ್ಲಿ. ಕಂಪನಿಯಲ್ಲಿ ಫ್ರೇಮ್ ಬೆಸೆದ ಮೇಲೆ ಇಡೀ ಫ್ರೇಮನ್ನು 530 ಡಿಗ್ರಿ ಹತ್ತಿರ ಕಾಯಿಸಿ, ಥಟ್ಟನೆ ತಣಿಸಿ, ಆಮೇಲೆ 170 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕಮ್ಮಾರರ ಕತ್ತಿ ನೀರಿಗೆ ಅದ್ದಿದ ಕೂಡಲೇ ಗಡುಸಾಗುತ್ತದೆ. ಇದು ಉಲ್ಟಾ. ಅದ್ದಿದಾಗ ಮೆತ್ತಗೇ ಇರುತ್ತದೆ, ಆ ಕೊನೆಯ ಬೇಯಿಸುವುದರಲ್ಲಿ ಗಡುಸಾಗುತ್ತದೆ. ಇದಕ್ಕೆ ಟಿ6 ಹದ ಅನ್ನುತ್ತಾರೆ. ಆ ಹದದಲ್ಲಿ 6061 ಸುಮಾರು 275 ಮೆಗಾಪಾಸ್ಕಲ್ ಎಳೆತದವರೆಗೆ ಬಾಗದೆ ನಿಲ್ಲುತ್ತದೆ. ಹದ ಪೂರ್ತಿ ಹೋದರೆ ಬರೀ 55. ವೆಲ್ಡಿಂಗ್ ಶಾಪಿನಲ್ಲಿ ಆರ್ಗನ್ ಟಾರ್ಚ್ ಹಿಡಿದಾಗ ಬೆಸುಗೆಯ ಅಕ್ಕಪಕ್ಕದ ಒಂದೆರಡು ಬೆರಳು ಜಾಗ ಪೂರ್ತಿ ಅಲ್ಲದಿದ್ದರೂ ಬಹಳಷ್ಟು ಹದ ಕಳೆದುಕೊಳ್ಳುತ್ತದೆ. ವೆಲ್ಡರ್ ಎಷ್ಟೇ ಗಟ್ಟಿಗನಾಗಿರಲಿ, ಅವನ ಕೈ ಬಿಸಿಯನ್ನು ತಡೆಯಲಾರದು. ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುವುದು ನಾನು.

ಒಬ್ಬ ಸ್ನೇಹಿತ ಆಮೇಲೆ ಹೇಳಿದ, ಬೇಕರಿಯ ಓವನ್‌ನಲ್ಲಿ ಇಟ್ಟರೆ ಹದ ಬರುತ್ತಿತ್ತು ಅಂತ. 6061ಕ್ಕೆ ಬರುವುದಿಲ್ಲ. 530 ಡಿಗ್ರಿಯ ಮೊದಲ ಹಂತ ಇಲ್ಲದೆ ಎರಡನೆಯದರಿಂದ ಹೆಚ್ಚು ಪ್ರಯೋಜನ ಇಲ್ಲ. ಆ ಬಿಸಿಗೆ ಫ್ರೇಮ್ ಸೊಟ್ಟಗೂ ಆಗುತ್ತದೆ, ಹಿಡಿದು ನೇರ ಮಾಡುವ ಚೌಕಟ್ಟು (ಜಿಗ್) ಬೇಕು. 7005 ಅನ್ನುವ ಇನ್ನೊಂದು ಜಾತಿ ಇದೆ, ಅದಕ್ಕೆ ತಣಿಸುವ ಹಂತ ಬೇಡ, ಬೆಸೆದ ಮೇಲೆ ಬೇಯಿಸಿದರೆ ಸಾಕು. ಆದರೆ ನಿಮ್ಮ ಫ್ರೇಮ್ ಯಾವುದು ಅಂತ ಸ್ಟಿಕ್ಕರ್ ನೋಡಿ, ಅದಕ್ಕೆ ತಕ್ಕ ವೆಲ್ಡಿಂಗ್ ತಂತಿ (ಬೆಸುಗೆಯಲ್ಲಿ ಕರಗಿಸಿ ತುಂಬುವ ಲೋಹ) ಆರಿಸುವವರು ಎಷ್ಟು ಜನ ಇದ್ದಾರೆ?

ನಮಗೆ ಈ ಧೈರ್ಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನನ್ನ ಅಪ್ಪನ ಸೈಕಲ್ಲಿನ ಫ್ರೇಮ್ ಒಮ್ಮೆ ಬಿಟ್ಟುಹೋಗಿತ್ತು. ಪೇಟೆಯಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿದರು. ಅದರ ಮೇಲೆ ಅಕ್ಕಿ ಮೂಟೆ, ನಾನು, ತಂಗಿ ಎಲ್ಲ ಬಂದೆವು, ಏನೂ ಆಗಲಿಲ್ಲ. ಆದರೆ ಅದು ಸ್ಟೀಲ್. ಒಂದು ಮಿತಿಯ ಒಳಗಿನ ಕುಲುಕಾಟವನ್ನು ಸ್ಟೀಲ್ ವರ್ಷಗಟ್ಟಲೆ ಸಹಿಸುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಸಣ್ಣ ಸಣ್ಣ ಕುಲುಕಾಟವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ.

ಈಗ ನಿಮ್ಮ ವಿಷಯ. ಮೊದಲು ಅದು ಬಿರುಕೇ ಹೌದಾ ನೋಡಿ. ಪೇಂಟ್ ಒಂದೇ ಒಡೆದಿರಬಹುದು. ಪೇಂಟ್ ತೆಗೆದು ಉಗುರು ಎಳೆದರೆ ತಾಗುತ್ತದಾ? ಅನುಮಾನ ಇದ್ದರೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಡೈ ಪೆನೆಟ್ರೆಂಟ್ ಅಂತ ಮೂರು ಡಬ್ಬಿಯ ಸ್ಪ್ರೇ ಸಿಗುತ್ತದೆ. ಒಂದರಲ್ಲಿ ತೊಳೆದು, ಕೆಂಪು ಬಣ್ಣ ಬಿಟ್ಟು, ಸ್ವಲ್ಪ ಹೊತ್ತು ಕಾದು ಒರೆಸಿ, ಬಿಳಿ ಪುಡಿ ಹೊಡೆದರೆ, ಬಿರುಕಿದ್ದಲ್ಲಿ ಕುಂಕುಮದ ಗೆರೆ ಎಳೆದ ಹಾಗೆ ಕೆಂಪು ಮೇಲೆ ಬರುತ್ತದೆ. ಬಿರುಕು ಹೌದಾದರೆ ಆ ಸೈಕಲ್ ಹತ್ತಬೇಡಿ, ಹಾಲಿನ ಅಂಗಡಿಗೂ ಬೇಡ.

ಹೊಸತಾಗಿ ಕೊಂಡದ್ದಾದರೆ, ಬಿಲ್ ಇದ್ದರೆ, ಅಂಗಡಿಗೆ ಹೋಗಿ. ಸುಮಾರು ಕಂಪನಿಗಳು ಮೊದಲ ಮಾಲೀಕನಿಗೆ ಫ್ರೇಮಿನ ವಾರಂಟಿ ಕೊಡುತ್ತವೆ. ವೆಲ್ಡ್ ಮಾಡಿಸಿದ ಮೇಲೆ ಹೋದರೆ ಯಾರೂ ಕೊಡುವುದಿಲ್ಲ, ಅದಕ್ಕೇ ಮೊದಲು ಇದನ್ನು ಕೇಳಿ. ಬಿರುಕಿನ ತುದಿಗೆ ತೂತು ಕೊರೆದರೆ ನಿಲ್ಲುತ್ತದೆ ಅಂತ ಯಾರಾದರೂ ಹೇಳುತ್ತಾರೆ, ಹೇಳಿಯೇ ಹೇಳುತ್ತಾರೆ. ಸ್ವಲ್ಪ ದಿನ ನಿಲ್ಲುತ್ತದೆ. ಒಂದೆರಡು ಮಿಲಿಮೀಟರ್ ದಪ್ಪದ ಟ್ಯೂಬಿನಲ್ಲಿ ಅದನ್ನು ನಂಬಿ ಕೂರುವಷ್ಟು ಧೈರ್ಯ ನನಗಿಲ್ಲ. ಕ್ಯಾರಿಯರ್ ಕೂರಿಸುವ ಕಿವಿ ಮುರಿದರೆ ಬೆಸೆಸಿ, ನನ್ನ ತಕರಾರಿಲ್ಲ. ಸೀಟ್ ಟ್ಯೂಬ್, ಮುಂದಿನಿಂದ ಪೆಡಲಿನ ಕಡೆಗೆ ಇಳಿಯುವ ಡೌನ್ ಟ್ಯೂಬ್, ಹ್ಯಾಂಡಲಿನ ಕೆಳಗಿರುವ ಹೆಡ್ ಟ್ಯೂಬ್ ಮಾತ್ರ ಬೇಡ. ಹೆಡ್ ಟ್ಯೂಬಿನ ಹತ್ತಿರ ಬಿಟ್ಟರೆ ಮುಖ ಊರಿ ಬೀಳುತ್ತೀರಿ, ಕೈ ಊರಲು ಸಮಯವೂ ಸಿಗುವುದಿಲ್ಲ.

ನಾನು ಕೊನೆಗೆ ಬೇರೆ ಫ್ರೇಮ್ ತೆಗೆದುಕೊಂಡೆ, ಲಾರ್ಜ್ ಸೈಜು. ಚಕ್ರ, ಗೇರು, ಬ್ರೇಕು ಎಲ್ಲ ಹಳೆಯದೇ ಕೂತಿತು. ಸೀಟ್ ಪೋಸ್ಟಿನ ದಪ್ಪ ಮಾತ್ರ ಬೇರೆ, 27.2ರ ಬದಲು 31.6 ಮಿಲಿಮೀಟರ್, ಅದನ್ನು ಹೊಸತು ಕೊಂಡೆ. ಕೊಳ್ಳುವ ಮುಂಚೆ ಇಂಥವನ್ನು ಅಳೆದುಕೊಳ್ಳಿ. ಹಳೆಯ ಫ್ರೇಮನ್ನು ಗುಜರಿಗೆ ಹಾಕುವ ಮೊದಲು ಗರಗಸದಲ್ಲಿ ಮೂರು ಕಡೆ ಕೊಯ್ದೆ. ಇನ್ಯಾರೋ ಅದನ್ನು ಬೆಸೆಸಿ ಓಡಿಸುವುದು ಬೇಡ ಅಂತ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಸೀಟ್ ಪೋಸ್ಟ್ ಹೊರಗೆ ಎಳೆಯಿರಿ. ನಮ್ಮ ಕಡಲ ಗಾಳಿಗೆ, ಗ್ರೀಸ್ ಹಾಕದಿದ್ದರೆ, ಅದು ಒಳಗೆ ಕಚ್ಚಿಕೊಂಡಿರಬಹುದು, ಬಲವಂತ ಬೇಡ, ರಾತ್ರಿಯಿಡೀ ಎಣ್ಣೆ ಬಿಟ್ಟು ನೋಡಿ. ಒಳಗೆ ಎಷ್ಟು ಸೆಂಟಿಮೀಟರ್ ಇತ್ತು ಅಂತ ಅಳೆಯಿರಿ, ಕಚ್ಚಿದ್ದ ಗುರುತು ಅದರ ಮೇಲೇ ಇರುತ್ತದೆ. ನಿಮ್ಮ ಎತ್ತರ, ಫ್ರೇಮಿನ ಸೈಜು, ಈ ಅಳತೆ, ಮೂರನ್ನೂ ಇಲ್ಲೇ ಕೆಳಗೆ ಬರೆಯಿರಿ. ಟೇಪು ಸುತ್ತಿದ್ದರೆ ಅದನ್ನೂ ಹೇಳಿ.