ಮಾವಿನ ಕಾಂಡದ ಮೇಲೆ ಬೂದು ಮಚ್ಚೆ: ರೋಗವೇ?

ಪ್ರಶ್ನೆ: ಜಯನಗರದ ನಮ್ಮ ಮನೆ ಮುಂದೆ ಹಳೇ ಮಾವಿನ ಮರ ಇದೆ. ಕಾಂಡದ ಮೇಲಿನ ಬೂದುಬಿಳಿ ಮಚ್ಚೆಗಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿವೆ. ಅಂಚು ಸಣ್ಣ ಎಸಳುಗಳಾಗಿ ಸೀಳಿದೆ, ನಡುವೆ ಪುಡಿ, ಅಲ್ಲಲ್ಲಿ ಕಪ್ಪು ಚುಕ್ಕಿ. ಈ ಸಲ ಎಲೆಯೂ ಕಡಿಮೆ. ಇದು ರೋಗ, ಉಜ್ಜಿ ಮೈಲುತುತ್ತ ಹಚ್ಚಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹಚ್ಚಲೇ?

ಉತ್ತರ: ದಯವಿಟ್ಟು ಬೇಡ. ಅದು ಕಲ್ಲುಹೂವಿನ ಬಳಗದ್ದು. ನೀವು ಹೇಳಿದ ಲಕ್ಷಣ ನೋಡಿದರೆ ಪಿಕ್ಸಿನ್ ಕೊಕೋಯಸ್ ಎಂಬ ಜಾತಿ ಇರಬೇಕು. ಬಿಸಿಲು ನಾಡಿನ ಮಾವು, ತೆಂಗಿನ ತೊಗಟೆ ಮೇಲೆ ಇದು ಮಾಮೂಲಿ. ಕತ್ತಲಾದ ಮೇಲೆ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಟ್ಟು ನೋಡಿ. ಮಚ್ಚೆ ಹಳದಿಯಾಗಿ ಹೊಳೆದರೆ ನನ್ನ ಊಹೆಗೆ ಬಲ ಬಂತು. ಅದರ ಮೇಲ್ಪದರದಲ್ಲಿರುವ ಲೈಕೆಕ್ಸಾಂಥೋನ್ ಎಂಬ ವಸ್ತುವಿನಿಂದ ಆ ಹೊಳಪು.

ಒಂದು ಶಿಲೀಂಧ್ರ, ಅದರೊಳಗೆ ಹಸಿರು ಪಾಚಿ, ಎರಡೂ ಕೂಡಿ ಬಾಳುವ ಜೀವ ಇದು. ಪಾಚಿ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತದೆ, ನೀರು ಮಳೆ ಮಂಜಿನಿಂದ ಸಿಗುತ್ತದೆ. ಮರದ ರಸಕ್ಕೆ ಕೈ ಹಾಕುವುದೇ ಇಲ್ಲ. ತೊಗಟೆಯ ಹೊರಮೈ ಹಿಡಿದು ಕೂತಿರುತ್ತದೆ, ಅಷ್ಟೇ. ನಡುವಿನ ಪುಡಿಯ ಒಂದೊಂದು ಕಣದಲ್ಲೂ ಶಿಲೀಂಧ್ರದ ಎಳೆ, ಪಾಚಿಯ ಕೋಶ ಎರಡೂ ಇರುತ್ತವೆ. ಗಾಳಿ ಮಳೆಗೆ ಅದು ಪಕ್ಕದ ಕೊಂಬೆಗೆ ಹಾರಿ ಹೊಸ ಮಚ್ಚೆಯಾಗುತ್ತದೆ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಕಲ್ಲುಹೂವು ಇದ್ದರೆ ಗಾಳಿ ಶುದ್ಧ ಎಂಬ ಮಾತು ಕೇಳಿರುತ್ತೀರಿ. ಪ್ಯಾರಿಸ್ ನಗರದ ಮರಗಳನ್ನು ನೋಡಿ 1866ರಲ್ಲೇ ಈ ಸಂಬಂಧ ಗುರುತಿಸಿದವರು ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್. ಈ ಜಾತಿಯನ್ನು ಪಿಕ್ಸಿನ್ ಕುಲಕ್ಕೆ ಸೇರಿಸಿದವರೂ ಅವರೇ. ಆದರೆ ನಿಮ್ಮ ಮರದ ಮೇಲಿರುವುದು ಹೊಗೆ, ಧೂಳು ತಡೆದುಕೊಳ್ಳುವ ಗಟ್ಟಿ ಜಾತಿ. ಘಟ್ಟದ ಕಾಡಲ್ಲಿ ಗಡ್ಡದ ಹಾಗೆ ಜೋತಾಡುವ ಅಸ್ನಿಯಾದಂಥ ಕಲ್ಲುಹೂವುಗಳು ಹೊಗೆಗೆ ಬೇಗ ಸಾಯುತ್ತವೆ. ಹಾಗಾಗಿ ಇದೊಂದನ್ನೇ ನೋಡಿ ಬೀದಿಯ ಗಾಳಿ ಚೆನ್ನಾಗಿದೆ ಅನ್ನಬೇಡಿ. ಮಸಾಲೆಯ ಕಲ್ಲುಹೂವು ಬೇರೆ ಜಾತಿ. ನಿಮ್ಮ ಮರದ ಮೇಲಿನದು ಹೊಗೆ, ಧೂಳಿನಲ್ಲಿರುವ ಸೀಸದಂಥ ಲೋಹಗಳನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಸಾರಿಗೆ ಹಾಕಬೇಡಿ.

ಎಲೆ ಕಡಿಮೆಯಾದದ್ದು ಮಾತ್ರ ಯೋಚಿಸಬೇಕಾದ ವಿಷಯ. ಎಲೆ ಉದುರಿ ಕಾಂಡಕ್ಕೆ ಬಿಸಿಲು ಜಾಸ್ತಿ ಬಿದ್ದಾಗ ಮಚ್ಚೆ ಹಬ್ಬುತ್ತದೆ. ಜನ ಇದನ್ನು ತಿರುಗಾಮುರುಗಾ ತಿಳಿಯುತ್ತಾರೆ. ಮೊದಲು ಬುಡ ನೋಡಿ. ನಮ್ಮೂರಲ್ಲಿ ಫುಟ್‌ಪಾತ್ ಮಾಡುವಾಗ ಕಾಂಡದವರೆಗೂ ಸಿಮೆಂಟ್ ಮೆತ್ತಿಬಿಡುತ್ತಾರೆ. ಹಾಗಿದ್ದರೆ ಬೇರಿಗೆ ಪೆಟ್ಟಾಗದಂತೆ ಅದನ್ನು ಒಡೆಸಿ, ಮಣ್ಣು ಸಡಿಲಿಸಿ, ತರಗೆಲೆ ಹೊದಿಸಿ. ಕಾಂಡದಲ್ಲಿ ತೂತು, ಪುಡಿ, ಸೋರುವ ಅಂಟು ಕಂಡರೆ ಕೊರಕ ಹುಳ ಇರಬಹುದು. ಆಗ ತೋಟಗಾರಿಕೆ ಬಲ್ಲವರನ್ನು ಕರೆಸಿ ತೋರಿಸಿ.